ಕೀಮೋದ ಜಮಾ ಖರ್ಚು

ಕಾಯಿಲೆ ನನ್ನದು, ಫೈಲು ನಮ್ಮ ಯಜಮಾನರದು. ಎದೆಯಲ್ಲಿರುವ ಗಂಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಅತ್ತೆ. ಬ್ಯಾಂಕಿನಲ್ಲಿ ಲೆಡ್ಜರ್ ತಿದ್ದಿಯೇ ನಿವೃತ್ತರಾದ ಇವರು ಡೊಂಬಿವಲಿ ಸ್ಟೇಷನ್ ಪಕ್ಕದಿಂದ ಪಂಚಿಂಗ್ ಮೆಶೀನು ತಂದರು. ದಿಕ್ಕು ತೋಚದ ಗಂಡಸರು ಏನಾದರೊಂದು ಖರೀದಿ ಮಾಡುತ್ತಾರೆ.

ಜೊತೆಗೊಂದು ನೋಟ್‌ಬುಕ್ಕು. ಎಡಕ್ಕೆ ಜಮಾ: ಎರಡು ಇಡ್ಲಿ, ಅರ್ಧ ಲೋಟ ಗಂಜಿ, ನಿದ್ದೆ. ಬಲಕ್ಕೆ ಖರ್ಚು: ವಾಂತಿ, ಜ್ವರ, ಕೂದಲು. "ನಿನ್ನೆಯ ಅರ್ಧ ಇಡ್ಲಿ ಲೆಕ್ಕಕ್ಕೆ ಸಿಗ್ತಾ ಇಲ್ಲ ಮಾರಾಯ್ತಿ" ಎಂದು ಬಾತ್‌ರೂಮಿನ ಬಾಗಿಲು ತಟ್ಟಿದ್ದೂ ಉಂಟು. ಕೆಂಪು ಔಷಧಿ ಏರಿಸಿದ ಮೇಲೆ ಮೂತ್ರವೂ ಕೆಂಪಾಗುತ್ತದೆ, ಹೆದರಬೇಡಿ ಎಂದು ಸಿಸ್ಟರ್ ಹೇಳಿದ್ದರು. ಇವರು ಅದನ್ನೂ ಬರೆದುಕೊಂಡು ಪಕ್ಕದಲ್ಲಿ 'ನಿರೀಕ್ಷಿತ' ಎಂದು ಷರಾ ಹಾಕಿದರು.

ಒಂದು ಸಾಲು ಮಾತ್ರ ಫ್ರಿಜ್ಜಿನ ಮೇಲಿದೆ: ಜ್ವರ 100.4 ಮುಟ್ಟಿದರೆ ಗಡಿಯಾರ ನೋಡದೆ ಆಸ್ಪತ್ರೆಗೆ. ಅದರಲ್ಲಿ ತಮಾಷೆಯಿಲ್ಲ. ಬಿಳಿ ರಕ್ತಕಣ ಕುಸಿದಿರುವಾಗ ಬಂದ ಜ್ವರ ಬೆಳಗಾಗುವವರೆಗೆ ಕಾಯುವುದಿಲ್ಲ.

ಆ ಬಿಳಿ ಕಣಗಳ ಲೆಕ್ಕ ಮಲಾಡಿನ ಅತ್ತಿಗೆಯಿಂದ ಊರಿನ ದೊಡ್ಡಮ್ಮನವರೆಗೆ ಎಲ್ಲರಿಗೂ ಬೇಕು. ಕ್ರಿಕೆಟ್ ಸ್ಕೋರ್ ಕೇಳಿದಂತೆ "ಕೌಂಟ್ ಎಷ್ಟಾಯ್ತು?" ಎನ್ನುತ್ತಾರೆ, ಬೆನ್ನಿಗೇ ಲಕ್ಷ್ಮಣಫಲ, ಗೋಮೂತ್ರ, ಪಪ್ಪಾಯಿ ಎಲೆಯ ರಸ. ಸಲಹೆಗಳಿಗೆ ಇವರು ಬೇರೆಯೇ ಫೈಲು ತೆರೆದು 'ಪರಿಶೀಲನೆಯಲ್ಲಿದೆ' ಎಂದು ಬರೆದಿದ್ದಾರೆ. ಬ್ಯಾಂಕಿನಲ್ಲಿ ಸಾಲ ಕೇಳಿದವರಿಗೆ ಅದರ ಅರ್ಥ ಗೊತ್ತು.

ಆಸ್ಪತ್ರೆಗೆ ಹೋಗುವುದು ಮುಂಬೈ ಲೋಕಲ್ ರೈಲಿನಲ್ಲಿ. ಅದರ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗವಿದೆ. ಟಿಸಿ ಕೇಳಿದ್ದು ಒಂದು ಸರ್ಟಿಫಿಕೇಟು. ಇವರು ಬಯಾಪ್ಸಿಯಿಂದ ಶುರುಮಾಡಿದರು. ಠಾಣೆ ಬರುವಷ್ಟರಲ್ಲಿ ಆತ ಕೈಮುಗಿದು ಇಳಿದುಹೋದ.

ನನಗೆ ಕೀಮೋ ಕೊಡುವ ಪರೇಲಿನ ಟಾಟಾ ಆಸ್ಪತ್ರೆ ಶುರುವಾದದ್ದು 1941ರಲ್ಲಿ. 1962ರಿಂದ ಅದು ಪರಮಾಣು ಶಕ್ತಿ ಇಲಾಖೆಯದು ಎಂದು ತಿಳಿದಾಗ ಇವರು, "ಅಣುವಿನ ಲೆಕ್ಕ ಇಡುವವರು, ನಂಬಬಹುದು" ಎಂದರು. ಅಲ್ಲಿ ಮೊದಲೇ ಹಣ ತುಂಬಿಸಿಟ್ಟ ಸ್ಮಾರ್ಟ್ ಕಾರ್ಡಿನಿಂದ ಪ್ರತಿ ಪರೀಕ್ಷೆಯ ದುಡ್ಡು ಕಳೆಯುತ್ತಾರೆ. ಉಳಿಕೆ ತಾಳೆಯಾದ ರಾತ್ರಿ ಇವರಿಗೆ ಒಳ್ಳೆಯ ನಿದ್ದೆ. ನನಗೆ ಕೀಮೋದ ಜೊತೆಗಿನ ಸ್ಟೆರಾಯ್ಡ್ ದಯೆಯಿಂದ ಜಾಗರಣೆ.

ಈಗೀಗ ಹೊರಗಿನ ಬೆಂಚಿನಲ್ಲಿ ಇವರ ಪ್ರಾಕ್ಟೀಸು ಜೋರಾಗಿದೆ. ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದ ಕಲಬುರಗಿ ಕಡೆಯ ಅಜ್ಜನೊಬ್ಬ ಮೊನ್ನೆ ಚೀಲದ ಕಾಗದವನ್ನೆಲ್ಲ ಇವರ ಮುಂದೆ ಸುರಿದ. ಬಯಾಪ್ಸಿ ಅಡಿಗೆ, ಸ್ಕ್ಯಾನ್ ನಡುವೆ, ಹೊಸ ರಕ್ತಪರೀಕ್ಷೆ ಮೇಲೆ.

"ಸಾಹೇಬ್ರ, ನಿಮ್ಮ ಮನ್ಯಾಗ ಯಾರಿಗೆ ಆರಾಮಿಲ್ರಿ?"

ಇವರು ತಲೆಯೆತ್ತದೆ ನನ್ನತ್ತ ಪೆನ್ನು ತೋರಿಸಿದರು. ಅಷ್ಟರಲ್ಲಿ ನನ್ನ ಸರದಿ ಬಂತು. ಒಬ್ಬಳೇ ಒಳಗೆ ಹೋದೆ. ಈ ಸಲ ಎಷ್ಟು ಬಾರಿ ವಾಂತಿಯಾಯಿತೆಂದು ಡಾಕ್ಟರು ಕೇಳಿದರು.

"ನನಗೇನು ಗೊತ್ತು ಡಾಕ್ಟ್ರೇ," ಎಂದೆ, "ಯಜಮಾನರನ್ನು ಕರೆಸಿ."