ಎಂಜಿಬಿಯ ಎಣ್ಣೆ ಎಲ್ಲಿಂದ?

1962ರಲ್ಲಿ ಬಂದ ಎಂಜಿಬಿ ಕಾರಿನ ಕೆಳಗೆ ಎಣ್ಣೆಯ ಹನಿ ಕಾಣದಿದ್ದರೆ ಮೊದಲು ಡಿಪ್‌ಸ್ಟಿಕ್ ನೋಡಬೇಕು: ಒಳಗೆ ಎಣ್ಣೆಯೇ ಮುಗಿದಿರಬಹುದು. ಹನಿ ಕಂಡರೂ ಅದು ಬಿದ್ದ ಜಾಗವನ್ನು ನಂಬುವಂತಿಲ್ಲ. ಮೇಲೆ ಒಸರಿದ್ದು ಗಾಳಿಗೆ ಹಿಂದಕ್ಕೆ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಎಂಜಿನ್ನನ್ನು ತೊಳೆದು ಒರೆಸಿ, ಟಾಲ್ಕಂ ಪೌಡರ್ ಉದುರಿಸಿ ಕೊಂಚ ಓಡಿಸಿದರೆ ಕಳ್ಳನ ಜಾಡು ಕಪ್ಪಗೆ ಮೂಡುತ್ತದೆ. ಹುಡುಕಾಟ ಮೇಲಿನಿಂದಲೇ ಶುರುವಾಗಬೇಕು. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಬದಲಿಸುವುದು ಸುಲಭ. ಆದರೆ ಸಿಟ್ಟಿನಿಂದ ನಟ್ಟು ಬಿಗಿದರೆ ಕವರ್ ಸೊಟ್ಟಗಾಗಿ ಎಣ್ಣೆಗೆ ಹೊಸ ದಾರಿ ಸಿಗುತ್ತದೆ. ಎಂಜಿನ್ ಉಸಿರುಬಿಡುವ ಬ್ರೀದರ್ ಕಟ್ಟಿಕೊಂಡಿದ್ದರಂತೂ ಒಳಗಿನ ಒತ್ತಡ ಹೊಸ ಗ್ಯಾಸ್ಕೆಟ್ಟಿಗೂ ಸೊಪ್ಪು ಹಾಕುವುದಿಲ್ಲ. 1964ರವರೆಗಿನ ಮೂರು ಬೇರಿಂಗಿನ ಎಂಜಿನ್ನಿನ ಹಿಂಬದಿಯಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕ್ ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಅಷ್ಟೇ. ಎಂಜಿನ್ ನಿಂತಿತೋ, ತಳ್ಳುವವರಿಲ್ಲ. ಅಲ್ಲಿಗೆ ಅತಿ ಅಗ್ಗದ ಮದ್ದು, ಕೆಳಗಿಡುವ ಒಂದು ತಗಡಿನ ತಟ್ಟೆ.