ಕಟ್ಟೆ ಮೇಲಿನ ಎಂ.ಟೆಕ್

ಘಾಟಬೋರಾಳ ಎಂಬ ಊರಿನಲ್ಲಿ, ಬಿ.ಇ. ಮುಗಿಸಿದ ಹುಡುಗ ಎಂ.ಟೆಕ್ ಎಂದು ಬಾಯಿಬಿಟ್ಟರೆ ಸಾಕು, ವಿಷಯ ಆರಿಸುವ ಅಧಿಕಾರ ಕಟ್ಟೆಗೆ ಹೋಗುತ್ತದೆ. “ಥರ್ಮಲ್ ತಗೋ ತಮ್ಮಾ, ನಮ್ಮ ಬಿಸಲಿಗಿ ಅದೇ ಬರೋಬರಿ” ಎಂದು ಒಬ್ಬ ಕಾಕಾ. “ಸ್ಟ್ರಕ್ಚರಲ್ ಮಾಡು, ಮನಿ ಸ್ಲ್ಯಾಬ್ ಸೋರಲಿಕತ್ತದ” ಎಂದು ಇನ್ನೊಬ್ಬರು. ಅವರಿಗೆ ಬೇಕಾದವನು ಗೌಂಡಿ. ಮುತ್ಯಾನ ಪ್ರಕಾರ ಪವರ್ ಎಲೆಕ್ಟ್ರಾನಿಕ್ಸ್ ಎಂದರೆ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್.

ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ 3 ತಾಸು, 65 ಪ್ರಶ್ನೆ, 100 ಅಂಕ. ಕಟ್ಟೆಯ ಪ್ರಶ್ನೆಗೆ ತಾಸಿನ ಲೆಕ್ಕವಿಲ್ಲ, ತಪ್ಪು ಉತ್ತರ ಹೇಳಿದವರಿಗೆ ಅಂಕ ಕಡಿತವೂ ಇಲ್ಲ. ಗೇಟ್ ಸ್ಕೋರು 3 ವರ್ಷ ನಡೆಯುತ್ತದೆ. ಕಾಕಾಗಳ ಸಲಹೆ ಹುಡುಗನ ಮದುವೆಯ ತನಕ.

ನನ್ನನ್ನು ಕೇಳಿದರೆ, ಪರೀಕ್ಷೆ ಮುಗಿದ ಮೇಲೂ ರದ್ದಿಗೆ ಹಾಕದೆ ಇಟ್ಟುಕೊಂಡ ಪುಸ್ತಕ ಯಾವುದೋ ಆ ವಿಷಯವನ್ನೇ ತಗೋ ಎನ್ನುತ್ತೇನೆ. ಯಾರೂ ಕೇಳಿಲ್ಲ.

ಕಡೆಗೆ ಹುಡುಗ, ಗೇಟ್ ಮೇಲೆ ಸೀಟು ಸಿಕ್ಕರೆ ತಿಂಗಳಿಗೆ 12,400 ರೂಪಾಯಿ ಕೊಡುತ್ತಾರೆ ಎಂದ. ಕಟ್ಟೆ ಗಪ್ಪಾಯಿತು.

“ಓದಲಿಕ್ಕೂ ಪಗಾರ? ಎಷ್ಟು ವರ್ಷ?”

“ಎರಡು, ಕಾಕಾ.”

“ಫೇಲಾದ್ರ ಮುಂದನೂ ಕೊಡ್ತಾರೇನು?”