ರೈಲು ಹೋದರೆ ಅಯಸ್ಕಾಂತಕ್ಕೇನಾಗಬೇಕು?

ನಿನ್ನೆ ಕೇಳಿದ್ರಲ್ಲ ರಾಯರೇ, ಲ್ಯಾಬಿನಲ್ಲಿ ನಿಮ್ಮನ್ನ ಎಲ್ಲಕ್ಕಿಂತ ಸತಾಯಿಸಿದ ದೋಷ ಯಾವುದು ಅಂತ. ಅರ್ತಿಂಗ್ ಗದ್ದಲ, ಬೇರೆ ಮಾತೇ ಇಲ್ಲ. ಸುಟ್ಟಿದ್ದರೆ ವಾಸನೆ ಬರುತ್ತೆ, ತಂತಿ ಕಡಿದಿದ್ದರೆ ಮೀಟರ್ ಹೇಳುತ್ತೆ. ಇದರಲ್ಲಿ ಉಪಕರಣ ನೆಟ್ಟಗೇ ಇರುತ್ತೆ, ಅಳತೆ ಮಾತ್ರ ಒಂದು ಕಡೆ ನಿಲ್ಲಲ್ಲ.

ಜಿನೀವಾದ ಸರ್ನ್‌ನಲ್ಲಿ ಆದದ್ದು ಕೇಳಿ. ಹಿಗ್ಸ್ ಬೋಸಾನ್ ಸಿಕ್ಕಿದ ಯಂತ್ರ ಇದೆಯಲ್ಲ, ಅದೇ ಸುರಂಗದಲ್ಲಿ 1989ರಿಂದ 2000ದವರೆಗೆ ಲೆಪ್ ಅನ್ನೋ ಯಂತ್ರ ಇತ್ತು. ಸುತ್ತಳತೆ ಸುಮಾರು 27 ಕಿಲೋಮೀಟರ್. ಎಲೆಕ್ಟ್ರಾನು, ಪಾಸಿಟ್ರಾನುಗಳನ್ನ ಎದುರುಬದುರು ಓಡಿಸಿ ಢಿಕ್ಕಿ ಹೊಡೆಸಿ, ಝಡ್ ಅನ್ನೋ ಕಣದ ದ್ರವ್ಯರಾಶಿ ಅಳೀತಿದ್ರು. ಅದು ಸರಿಯಾಗಿ ಬರಬೇಕಾದರೆ ಕಿರಣದ ಶಕ್ತಿ ಎಷ್ಟು ಅನ್ನೋದು ಕರಾರುವಾಕ್ಕಾಗಿ ಗೊತ್ತಿರಬೇಕು. ಚಂದ್ರನ ಸೆಳೆತಕ್ಕೆ ನೆಲ ಉಬ್ಬಿ ಅಷ್ಟು ದೊಡ್ಡ ಸುತ್ತು ಒಂದು ಮಿಲಿಮೀಟರಿನಷ್ಟು ಹೆಚ್ಚುಕಮ್ಮಿ ಆಗುತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದ ಜನ ಅವರು.

1995ರಲ್ಲಿ ಸುರಂಗದಲ್ಲಿ ಕಿರಣವನ್ನ ಬಾಗಿಸೋ ಅಯಸ್ಕಾಂತಗಳ ಒಳಗೇ ಅಳತೆಯ ಸಾಧನ ಇಟ್ಟು ನೋಡ್ತಾರೆ, ಕಾಂತಕ್ಷೇತ್ರ ಹಗಲೆಲ್ಲ ಕುಣೀತಾ ಇದೆ. ಮಧ್ಯರಾತ್ರಿ ದಾಟಿದರೆ ಗಪ್‌ಚಿಪ್. ಬೆಳಗಿನ ಜಾವ ಮತ್ತೆ ಶುರು. ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇಲ್ಲೇ. ಪವರ್ ಸಪ್ಲೈ ಕೆಟ್ಟಿದ್ದರೆ ಅದಕ್ಕೆ ಹಗಲೇನು ರಾತ್ರಿಯೇನು? ಗಡಿಯಾರ ನೋಡಿ ಬರೋ ಗದ್ದಲಕ್ಕೆ ಹಿಂದೆ ಮನುಷ್ಯರ ದಿನಚರಿ ಇರಲೇಬೇಕು.

ಇದ್ದದ್ದು ರೈಲು! ಜಿನೀವಾದಿಂದ ಪ್ಯಾರಿಸ್ಸಿಗೆ ಹೋಗೋ ಟಿಜಿವಿ. ಆಗ ಆ ಮಾರ್ಗಕ್ಕೆ 1500 ವೋಲ್ಟ್ ಡಿಸಿ. ಮೇಲಿನ ತಂತಿಯಿಂದ ಎಂಜಿನ್ನಿಗೆ ಬಂದ ಕರೆಂಟು ಹಳಿ ಹಿಡಿದು ವಾಪಸ್ ಹೋಗಬೇಕು. ಹಳಿ ನೆಲದ ಮೇಲೇ ಕೂತಿದೆ, ಒಂದಷ್ಟು ಮಣ್ಣಿಗೆ ಸೋರುತ್ತೆ. ಸೋರಿದ್ದಕ್ಕೆ ಲೆಪ್‌ನ ಲೋಹದ ಕೊಳವೆ ರಾಜಮಾರ್ಗವಾಯ್ತು. ಕಿರಣ ಓಡುವ ಆ ಕೊಳವೆಯಲ್ಲೇ ಹೆಚ್ಚುಕಮ್ಮಿ ಒಂದು ಆಂಪಿಯರ್ ಹರೀತಿತ್ತು. ಅನುಮಾನ ಬಂದರೆ ಸಾಲದಲ್ಲ, ಸಾಬೀತು ಆಗಬೇಕು. ಹಳಿಯ ವೋಲ್ಟೇಜು, ಕೊಳವೆಯ ವೋಲ್ಟೇಜು, ಕಾಂತಕ್ಷೇತ್ರ ಮೂರನ್ನೂ ಒಂದೇ ಹೊತ್ತಿಗೆ ಅಳೆದು ಒಂದರ ಕೆಳಗೊಂದು ಗೆರೆ ಹಾಕಿದ್ರು. ರೈಲು ಜಿನೀವಾ ಬಿಟ್ಟು ಪಕ್ಕದ ಮೇರಾಂ ಊರು ದಾಟೋವಾಗ ಮೂರು ಗೆರೆಯೂ ಒಟ್ಟೊಟ್ಟಿಗೆ ಎಗರ್ತವೆ. ಫ್ರಾನ್ಸಿನ ರೈಲ್ವೆಯವರು ಮುಷ್ಕರ ಹೂಡಿದ ದಿನವಂತೂ ಗದ್ದಲವೇ ಇಲ್ಲ. ಇನ್ನೊಂದು ಸೂಕ್ಷ್ಮ ಇದೆ. ಅಯಸ್ಕಾಂತದ ಕಬ್ಬಿಣ ಇಂಥ ಒಂದೊಂದು ಏರಿಳಿತಕ್ಕೂ ಚೂರು ಚೂರೇ ಹೆಚ್ಚು ಕಾಂತವಾಗ್ತಾ ಹೋಗೋದು, ಪೂರ್ತಿ ಹಿಂದಕ್ಕೆ ಬರೋದಿಲ್ಲ. ಹಾಗಾಗಿ ಕಿರಣದ ಶಕ್ತಿಯೂ ಗಂಟೆಗಂಟೆಗೆ ಮೇಲಕ್ಕೆ ಜರುಗೋದು.

ನೆಲ ಅಂದರೆ ಸೊನ್ನೆ ವೋಲ್ಟ್ ಅಂತ ಪುಸ್ತಕದಲ್ಲಿ ಓದಿರ್ತೀವಿ. ಹಾಗೇನಿಲ್ಲ. ಒಂದೇ ಹಿತ್ತಲಿನ ಎರಡು ಬಾವಿಗಳಲ್ಲಿ ನೀರಿನ ಮಟ್ಟ ಬೇರೆಬೇರೆ ಇರೋ ಹಾಗೆ, ಎರಡು ಅರ್ತ್ ಗುಂಡಿಗಳ ಮಟ್ಟವೂ ಬೇರೆ. ಅವೆರಡರ ನಡುವೆ ನಾವು ಒಂದು ಕೇಬಲ್ ಎಳೆದರೆ ಅದರ ಮೇಲಿನ ಹೆಣಿಗೆ ತಂತಿಯಲ್ಲಿ ಕರೆಂಟು ಹರಿಯುತ್ತೆ. ಅಳೆಯೋ ಸಂಕೇತ ದೊಡ್ಡದಿದ್ದರೆ ಚಿಂತೆ ಇಲ್ಲ. ಇಸಿಜಿಯಲ್ಲಿ ಹೃದಯದ್ದು ಸುಮಾರು ಒಂದು ಮಿಲಿವೋಲ್ಟ್, ಇಇಜಿಯಲ್ಲಿ ಮಿದುಳಿನದು ಅದಕ್ಕಿಂತ ಎಷ್ಟೋ ಕಮ್ಮಿ, ಮೈಕ್ರೋವೋಲ್ಟಿನ ಲೆಕ್ಕ. ಅಲ್ಲಿ ಈ ಸೋರಿಕೆ ಸಂಕೇತವನ್ನೇ ನುಂಗಿಬಿಡುತ್ತೆ.

ಹುಡುಕೋದು ಹೇಗೆ ಅಂದ್ರಾ? ಆಸಿಲೋಸ್ಕೋಪಿನಲ್ಲಿ ಗದ್ದಲವನ್ನ ಅಗಲ ಮಾಡಿ ನೋಡಬೇಕು. 20 ಮಿಲಿಸೆಕೆಂಡಿಗೊಂದು ಏರಿಳಿತ ಇದ್ದರೆ ಅದು ನಮ್ಮ 50 ಹರ್ಟ್ಸ್ ಮನೆಕರೆಂಟಿನದು. 10 ಮಿಲಿಸೆಕೆಂಡಿಗೊಂದು ಚೂಪು ಮೊನೆ ಕಂಡರೆ ಯಾವುದೋ ಪವರ್ ಸಪ್ಲೈ ಕಡೆ ಕಣ್ಣು ಹಾಯಿಸಬೇಕು. ಆಮೇಲೆ ಕಂಪ್ಯೂಟರನ್ನ ಬ್ಯಾಟರಿ ಮೇಲೆ ನಡೆಸಿ, ಕೇಬಲ್‌ಗಳನ್ನ ಒಂದೊಂದಾಗಿ ಕೀಳೋದು, ಕಿತ್ತಾಗಲೆಲ್ಲ ಗೆರೆ ನೋಡೋದು. ಎಷ್ಟೋ ಸಲ ಕಳ್ಳ ಅಂದರೆ ಗೋಡೆಯಾಚೆ ಬೇರೆ ಬೋರ್ಡಿಗೆ ಸಿಕ್ಕಿಸಿದ ಪ್ರಿಂಟರ್. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದು ಅರ್ತನ್ನ ಒಂದೇ ಜಾಗದಲ್ಲಿ ಸೇರಿಸಿದರೆ ಬಹಳಷ್ಟು ಸಲ ಅಡಗುತ್ತೆ. ಅಡಗದಿದ್ದರೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಕೆಲವರು ಪ್ಲಗ್ಗಿನ ಮೂರನೇ ಪಿನ್ನೇ ಮುರಿದು "ನೋಡಿ, ಹೋಯ್ತು" ಅಂತಾರೆ. ನಿಜ, ಗದ್ದಲ ಹೋಗುತ್ತೆ, ಆದರೆ ಒಳಗೆ ತಂತಿ ತಗುಲಿದ ದಿನ ಮುಟ್ಟಿದವರ ಜೀವವೂ ಹೋಗುತ್ತೆ. ಆ ಕೆಲಸ ಯಾರು ಮಾಡಿದರೂ ನಾನು ಜಗಳಕ್ಕೇ ನಿಲ್ತೀನಿ ರಾಯರೇ.

ಏನು ಮಾಡಿದರೂ ತೊಲಗದ ಗದ್ದಲವೂ ಉಂಟು. ಆಗ ಉಪಕರಣವೇ ಊರು ಬಿಡಬೇಕು. ಮುಂಬೈಯ ಕೊಲಾಬಾದಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯೋ ವೀಕ್ಷಣಾಲಯ 1840ರ ದಶಕದಿಂದ ಕೆಲಸ ಮಾಡ್ತಿತ್ತು. ಕುದುರೆ ಎಳೆಯೋ ಟ್ರಾಮಿಗೆ ವಿದ್ಯುತ್ ಹಾಕ್ತಾರೆ ಅಂದಾಗ ಅಲ್ಲಿನ ನಿರ್ದೇಶಕ ನಾನಾಭಾಯಿ ಮೂಸ್ ಮೊದಲೇ ಎಚ್ಚೆತ್ತರು. ಕಡಲಾಚೆ ಅಲಿಬಾಗ್‌ನಲ್ಲಿ, ಕಾಂತಗುಣ ಇಲ್ಲದ ಪೋರಬಂದರಿನ ಕಲ್ಲಿನಿಂದ ಹೊಸ ಕಟ್ಟಡ ಎದ್ದಿತು. 1904ರಲ್ಲಿ ಅಲ್ಲಿ ಕೆಲಸ ಶುರುವಾಯ್ತು, ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1907ರಲ್ಲಿ. ಹಾಗಂತ ಕೊಲಾಬಾಕ್ಕೆ ತಕ್ಷಣ ಬೀಗ ಹಾಕಲಿಲ್ಲ. 1906ರವರೆಗೆ ಎರಡೂ ಕಡೆ ಜೊತೆಜೊತೆಗೇ ಅಳೆದು, ಹಳೇ ದಾಖಲೆಗೂ ಹೊಸದಕ್ಕೂ ಕೊಂಡಿ ಹಾಕಿಕೊಂಡರು. ಅದರಿಂದಲೇ 1859ರ ಆ ಮಹಾ ಸೌರ ಬಿರುಗಾಳಿಯ ಕೊಲಾಬಾ ಅಳತೆಯನ್ನೂ ಇವತ್ತಿನ ಅಲಿಬಾಗ್ ಅಳತೆಯನ್ನೂ ಒಂದೇ ಸಾಲಿನಲ್ಲಿಟ್ಟು ಓದೋದಕ್ಕೆ ಆಗ್ತಿದೆ.